.308 ಬಿಟ್ಟು 6.5 ಕ್ರೀಡ್‌ಮೂರ್‌ಗೆ: ನನ್ನ ರೈಫಲ್‌ಗೆ ನಳಿಗೆ ಬದಲಿಸಿದ ಅನುಭವ

ನನ್ನದು .308 ವಿಂಚೆಸ್ಟರ್ ಎಂಬ ತೋಟಾ ಹೊಡೆಯುವ ಬೋಲ್ಟ್ ಆಕ್ಷನ್ ರೈಫಲ್. ವರ್ಷಗಟ್ಟಲೆ ಅದರಲ್ಲೇ ಕಾಗದದ ಗುರಿಗೆ ಹೊಡೆದಿದ್ದೇನೆ. ತೋಟಾ ಕೂರುವ ಚೇಂಬರ್ ಮುಗಿದು, ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು, ಅಂದರೆ ರೈಫ್ಲಿಂಗ್ ಶುರುವಾಗುವ ಜಾಗವನ್ನು ನಾವು ನಳಿಗೆಯ ಗಂಟಲು ಎನ್ನುತ್ತೇವೆ. ಆ ಗಂಟಲು ಸವೆದು ಗುಂಡುಗಳು ಚದುರಿ ಬೀಳತೊಡಗಿದಾಗ ಹೊಸ ನಳಿಗೆ ಹಾಕದೆ ಬೇರೆ ದಾರಿ ಇರಲಿಲ್ಲ. ಹೇಗೂ ನಳಿಗೆ ಬಿಚ್ಚಬೇಕು, ಹಾಗಾದರೆ ತೋಟಾದ ಬಗೆಯನ್ನೇ ಏಕೆ ಬದಲಿಸಬಾರದು ಎಂಬ ಯೋಚನೆ ಬಂತು.

ಯಾವುದಕ್ಕೆ ಬದಲಿಸುವುದು? ಇಲ್ಲಿ ನಮ್ಮ ಆಸೆಗಿಂತ ರೈಫಲ್‌ನ ಆಕ್ಷನ್, ಅಂದರೆ ಚೇಂಬರ್ ಮುಚ್ಚುವ ಬೋಲ್ಟ್ ಮತ್ತು ಅದು ಓಡಾಡುವ ಉಕ್ಕಿನ ಮೈ, ಹೇಳಿದ್ದೇ ನಡೆಯಬೇಕು. ಬೋಲ್ಟ್‌ನ ಮುಖ ಯಾವ ಅಳತೆಯ ತಳವನ್ನು ಹಿಡಿಯುತ್ತದೆ, ಮ್ಯಾಗಜಿನ್‌ನಲ್ಲಿ ಎಷ್ಟು ಉದ್ದದ ತೋಟಾ ಕೂರುತ್ತದೆ, ಆಕ್ಷನ್ ಎಷ್ಟು ಒತ್ತಡಕ್ಕೆಂದು ತಯಾರಾಗಿದೆ, ಈ ಮೂರನ್ನು ಮೊದಲು ನೋಡಬೇಕು. 1952ರ .308ಕ್ಕೂ 2007ರಲ್ಲಿ ಹಾರ್ನಡಿ ಕಂಪನಿ ತಂದ 6.5 ಕ್ರೀಡ್‌ಮೂರ್‌ಗೂ ತಳದ ವ್ಯಾಸ ಒಂದೇ, 0.473 ಇಂಚು, ಅಂದರೆ ಸುಮಾರು 12 ಮಿಲಿಮೀಟರ್. ತೋಟಾದ ಒಟ್ಟು ಉದ್ದದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅಮೆರಿಕದ ಬಂದೂಕು ಮತ್ತು ತೋಟಾ ತಯಾರಕರ ಸಂಸ್ಥೆ ಸಾಮಿಯ ಮಾನದಂಡದಲ್ಲಿ ಎರಡರ ಗರಿಷ್ಠ ಒತ್ತಡವೂ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಹೀಗಾಗಿ ಬೋಲ್ಟ್, ಕೇಸಿನ ತಳ ಹಿಡಿದು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್, ಮ್ಯಾಗಜಿನ್ ಯಾವುದನ್ನೂ ಮುಟ್ಟದೆ ನಳಿಗೆ ಒಂದನ್ನೇ ಬದಲಿಸಿದರೆ ಸಾಕಾಯಿತು.

ಈ ಹೊಂದಾಣಿಕೆ ಇಲ್ಲದಿದ್ದರೆ ಕೆಲಸ ಎಷ್ಟು ಬೆಳೆಯುತ್ತದೆ ಎಂದು ತಿಳಿಯಲು ಬ್ರಿಟಿಷ್ ಸೇನೆಯ ಹಳೆಯ .303 ರೈಫಲ್ ಲೀ ಎನ್‌ಫೀಲ್ಡ್ ಒಳ್ಳೆಯ ಉದಾಹರಣೆ. .303 ತೋಟಾದ ತಳಕ್ಕೆ ಹೊರಚಾಚಿದ ಅಂಚು ಇದೆ, .308ರ ಸೈನಿಕ ಸೋದರನಾದ 7.62 ನೇಟೋ ತೋಟಾಕ್ಕೆ ಇಲ್ಲ. ಪಶ್ಚಿಮ ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆ 1960ರ ದಶಕದಲ್ಲಿ ಅದೇ ವಿನ್ಯಾಸವನ್ನು 7.62ಕ್ಕೆ ಒಗ್ಗಿಸಿ 2ಎ ರೈಫಲ್ ಮಾಡಿದಾಗ ಉತ್ತಮ ಉಕ್ಕು ಬಳಸಬೇಕಾಯಿತು, ಎಕ್ಸ್‌ಟ್ರಾಕ್ಟರ್ ಬದಲಿಸಬೇಕಾಯಿತು, ಮ್ಯಾಗಜಿನ್ ಕೂಡ ಹೊಸದಾಗಿ ಮಾಡಬೇಕಾಯಿತು. ಅದು ಕಾರ್ಖಾನೆ ಮಾಡುವ ಕೆಲಸ, ನನ್ನಂಥವನ ಮೇಜಿನ ಮೇಲೆ ಆಗುವಂಥದ್ದಲ್ಲ.

ಕ್ರೀಡ್‌ಮೂರ್‌ ಮೇಲೆ ನನಗೆ ಒಲವು ಬಂದದ್ದು ಗಾಳಿಯಿಂದಾಗಿ. ಅದರ ಗುಂಡಿನ ವ್ಯಾಸ .264 ಇಂಚು, ತೆಳ್ಳಗೆ ಉದ್ದಕ್ಕಿರುವುದರಿಂದ ದೂರದ ಗುರಿಯಲ್ಲಿ ಅಡ್ಡಗಾಳಿಗೆ ಕಡಿಮೆ ಸರಿಯುತ್ತದೆ. 140 ಗ್ರೇನ್ (ಸುಮಾರು 9 ಗ್ರಾಂ) ಗುಂಡು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಡುತ್ತದೆ, ಆದರೂ ರೈಫಲ್ ಭುಜಕ್ಕೆ ಒದೆಯುವುದು .308ಕ್ಕಿಂತ ಕಡಿಮೆ. ಇದಕ್ಕೆ ಬೆಲೆಯೂ ಇದೆ. ಸಣ್ಣ ರಂಧ್ರದಲ್ಲಿ ಅಷ್ಟೇ ಬಿಸಿ ಅನಿಲ ನುಗ್ಗುವುದರಿಂದ 6.5ರ ಗಂಟಲು .308ರದ್ದಕ್ಕಿಂತ ಬೇಗ ಸವೆಯುತ್ತದೆ. ಅದು ಗೊತ್ತಿದ್ದೇ ಆರಿಸಿಕೊಂಡೆ. ಉದ್ದನೆಯ ಗುಂಡು ಸ್ಥಿರವಾಗಿ ಹಾರಲು ಬಿಗಿ ತಿರುವು ಬೇಕು, ಹಾಗಾಗಿ ಎಂಟು ಇಂಚಿಗೆ ಒಂದು ಸುತ್ತಿನ ನಳಿಗೆ ತರಿಸಿದೆ.

ಸಾಮಾನು ತರಿಸುವ ಮೊದಲೇ ಕಾಗದಪತ್ರ ಮುಗಿಸಿದ್ದೆ. ಹಲವು ದೇಶಗಳಲ್ಲಿ ನಳಿಗೆಯೇ ಪರವಾನಗಿಗೆ ಒಳಪಟ್ಟ ಭಾಗ. ಕ್ಯಾಲಿಬರ್ ಬದಲಾದರೆ ಲೈಸೆನ್ಸ್‌ನಲ್ಲೂ ಬದಲಾಗಬೇಕು. ಬಂದೂಕು ಪರೀಕ್ಷೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸಿಐಪಿಯಲ್ಲಿರುವ ದೇಶಗಳಲ್ಲಿ ಹೊಸ ನಳಿಗೆಗೆ ಅಧಿಕೃತ ಪ್ರೂಫ್ ಪರೀಕ್ಷೆಯೂ, ಅಂದರೆ ಹೆಚ್ಚಿನ ಒತ್ತಡದ ತೋಟಾ ಹೊಡೆದು ನೋಡುವುದೂ, ಆಗಬೇಕು. ಪರವಾನಗಿ ಇರುವ ಗನ್‌ಸ್ಮಿತ್ ಒಬ್ಬರ ವರ್ಕ್‌ಶಾಪ್‌ನಲ್ಲಿ, ಅವರು ಪಕ್ಕದಲ್ಲಿ ನಿಂತು ನೋಡುತ್ತಿರುವಾಗಲೇ ನಾನು ಈ ಕೆಲಸ ಮಾಡಿದ್ದು. ಒಬ್ಬನೇ ಕೂತು ಮಾಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ನನ್ನ ರೈಫಲ್‌ನಲ್ಲಿ ನಳಿಗೆಯನ್ನು ಒಂದು ದೊಡ್ಡ ನಟ್ ಬಿಗಿಹಿಡಿದಿರುತ್ತದೆ. 1958ರ ಸ್ಯಾವೇಜ್ 110ರಿಂದ ಹೆಸರಾದ ಪದ್ಧತಿ ಇದು. ಬೇರೆ ಬಗೆಯ ರೈಫಲ್‌ಗಳಲ್ಲಿ ನಳಿಗೆಯ ಭುಜ ಆಕ್ಷನ್‌ಗೆ ಒತ್ತಿ ನಿಲ್ಲುತ್ತದೆ, ಅಲ್ಲಿ ಚೇಂಬರ್‌ನ ಆಳವನ್ನು ಲೇತ್‌ ಮೇಲೆ ಕೊರೆದು ಸರಿಮಾಡಬೇಕು. ನಟ್ ಇದ್ದರೆ ಚೇಂಬರ್ ಪೂರ್ತಿ ಕೊರೆದ ನಳಿಗೆಯನ್ನೇ ತಂದು, ಗೇಜ್ ಎಂಬ ಅಳತೆಯ ತುಂಡು ಇಟ್ಟು ಬೋಲ್ಟ್‌ನಿಂದ ಚೇಂಬರ್‌ಗಿರುವ ದೂರ ಹೊಂದಿಸಬಹುದು.

ಹಳೆಯ ನಟ್ ಸುಲಭಕ್ಕೆ ಬಿಡಲಿಲ್ಲ. ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆವು. ಬೆಳಗ್ಗೆ ನಳಿಗೆಯನ್ನು ಅಲ್ಯೂಮಿನಿಯಂ ಹಲಗೆಗಳ ನಡುವೆ ವೈಸ್‌ನಲ್ಲಿ ಬಿಗಿಮಾಡಿ, ನಟ್‌ಗೆಂದೇ ಇರುವ ಪಾನಾ ಕೂರಿಸಿದೆವು. ನಾನು ಮೈಭಾರ ಹಾಕಿ ಎಳೆಯಲು ಹೊರಟಾಗ ಗನ್‌ಸ್ಮಿತ್ ತಡೆದರು. ‘ಎಳೀಬೇಡಿ, ಹಾಗೆ ಎಳೆದ್ರೆ ಪಾನಾ ಜಾರಿ ನಟ್‌ನ ಮೂಲೆ ತಿಂದುಹಾಕುತ್ತೆ. ಸುತ್ತಿಗೇಲಿ ಒಂದೇ ಏಟು ಕೊಡಿ’ ಅಂದರು. ಪಾನಾದ ಹಿಡಿಗೆ ಸುತ್ತಿಗೆಯ ಏಟು ಬಿದ್ದಾಗ ಚಟ್ಟನೆ ಸದ್ದಾಗಿ ನಟ್ ಸಡಿಲಿತು. ಆಮೇಲೆ ಕೈಯಲ್ಲೇ ತಿರುಗಿಸಿ ಬಿಚ್ಚಿದೆ. ಆಕ್ಷನ್‌ನ ಥ್ರೆಡ್‌ಗಳನ್ನು ನೈಲಾನ್ ಬ್ರಷ್‌ನಿಂದ ಉಜ್ಜಿ, ಹಳೆಯ ಎಣ್ಣೆಯ ಕಲೆ ಉಳಿಯದಂತೆ ಒರೆಸಿ, ಹೊಸ ನಳಿಗೆಯ ಥ್ರೆಡ್ ಮುಂದೆ ಕಚ್ಚಿಕೊಳ್ಳದಂತೆ ತಡೆಯುವ ಗ್ರೀಸ್ ತೆಳ್ಳಗೆ ಹಚ್ಚಿದೆ.

ಇನ್ನು ಹೆಡ್‌ಸ್ಪೇಸ್. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇದರಲ್ಲೇ. ಮುಚ್ಚಿದ ಬೋಲ್ಟ್‌ನ ಮುಖದಿಂದ ಚೇಂಬರ್‌ನ ಭುಜದ ಇಳಿಜಾರಿನಲ್ಲಿ ಗೊತ್ತುಮಾಡಿದ ಬಿಂದುವಿನವರೆಗಿನ ದೂರವೇ ಹೆಡ್‌ಸ್ಪೇಸ್. ಕಡಿಮೆಯಾದರೆ ಬೋಲ್ಟ್ ಮುಚ್ಚುವುದಿಲ್ಲ. ಹೆಚ್ಚಾದರೆ ಹೊಡೆದಾಗ ಹಿತ್ತಾಳೆಯ ಕೇಸ್ ಹಿಂದಕ್ಕೆ ಹಿಗ್ಗಿ ತಳದ ಹತ್ತಿರ ಹರಿಯಬಹುದು, ಆಗ ಬಿಸಿ ಅನಿಲ ಹೊಡೆಯುವವನ ಮುಖದತ್ತ ನುಗ್ಗುತ್ತದೆ. ಉಳಿದಿರುವ ಅವಕಾಶ ಎಷ್ಟು ಸಣ್ಣದು ನೋಡಿ: .308ರಲ್ಲಿ ಬೋಲ್ಟ್ ಮುಚ್ಚಲೇಬೇಕಾದ ಗೋ ಗೇಜ್ 1.630 ಇಂಚು, ಮುಚ್ಚಬಾರದ ನೋ-ಗೋ ಗೇಜ್ 1.634 ಇಂಚು. ನಡುವಿನ ಅಂತರ 0.1 ಮಿಲಿಮೀಟರ್, ಕೂದಲೆಳೆಯಷ್ಟು. ಕ್ರೀಡ್‌ಮೂರ್‌ಗೆ ಅದರದೇ ಗೇಜ್‌ಗಳು ಬೇಕು, .308ರದ್ದು ನಡೆಯುವುದಿಲ್ಲ.

ಬೋಲ್ಟ್‌ನಿಂದ ಫೈರಿಂಗ್ ಪಿನ್ ಮತ್ತು ಖಾಲಿ ಕೇಸ್ ಹೊರಗೆಸೆಯುವ ಎಜೆಕ್ಟರ್ ತೆಗೆದಿಟ್ಟೆ. ಸ್ಪ್ರಿಂಗ್‌ಗಳ ಒತ್ತಡ ಇದ್ದರೆ ಬೆರಳಿಗೆ ಏನೂ ತಿಳಿಯುವುದಿಲ್ಲ. ಗೋ ಗೇಜ್ ಎಕ್ಸ್‌ಟ್ರಾಕ್ಟರ್‌ನ ಕೊಕ್ಕೆಯಡಿ ಸರಿಯಾಗಿ ಸೇರಿಸಿ ಬೋಲ್ಟ್ ಮುಚ್ಚಿ, ನಳಿಗೆ ಗೇಜ್‌ಗೆ ತಾಗುವವರೆಗೆ ಕೈಯಲ್ಲೇ ತಿರುಗಿಸಿ, ನಟ್ ಬಿಗಿಮಾಡಿದೆ. ನಟ್ ಬಿಗಿಯುವಾಗ ಥ್ರೆಡ್‌ನ ಸಡಿಲ ಹೋಗಿ ನಳಿಗೆ ಒಂಚೂರು ಮುಂದಕ್ಕೆ ಬರುತ್ತದೆ, ಆದ್ದರಿಂದ ಬಿಗಿದ ಮೇಲೆ ಮತ್ತೆ ನೋಡಲೇಬೇಕು. ಗೋ ಹಾಕಿದಾಗ ಬೋಲ್ಟ್‌ನ ಹಿಡಿ ಬೆರಳ ತುದಿಯ ಬಲಕ್ಕೇ ಕೆಳಗಿಳಿಯಿತು. ನೋ-ಗೋ ಹಾಕಿದಾಗ ಅರ್ಧಕ್ಕೇ ನಿಂತಿತು. ಅಲ್ಲಿ ಬಲ ಹಾಕಬಾರದು, ಹಾಕಿದರೆ ಗೇಜೂ ಹಾಳು, ಬೋಲ್ಟನ್ನು ಬಿಗಿಹಿಡಿಯುವ ಲಗ್ಗೂ ಹಾಳು. ಗನ್‌ಸ್ಮಿತ್ ತಮ್ಮದೇ ಗೇಜ್ ತಂದು ಇನ್ನೊಮ್ಮೆ ನೋಡಿ ಒಪ್ಪಿದ ಮೇಲೆ ಬೋಲ್ಟ್ ಜೋಡಿಸಿದೆ.

ಹೊಸ ನಳಿಗೆ ಹಳೆಯದಕ್ಕಿಂತ ದಪ್ಪ. ರೈಫಲ್‌ನ ಮರದಲ್ಲಿ ನಳಿಗೆ ಕೂರುವ ಕಾಲುವೆಯನ್ನು ಉಜ್ಜುಕಾಗದದಿಂದ ಅಗಲಿಸಿ, ನಳಿಗೆಯಡಿ ಕಾಗದದ ಚೂರು ಆಕ್ಷನ್‌ವರೆಗೂ ತಡೆಯಿಲ್ಲದೆ ಜಾರುವಂತೆ ಮಾಡಿಕೊಂಡೆ. ತೋಟಾ ಮ್ಯಾಗಜಿನ್‌ನಿಂದ ಸರಾಗವಾಗಿ ಏರುತ್ತದೆಯೇ ಎಂದು ನೋಡಿದ್ದು ಮದ್ದೂ ಅದಕ್ಕೆ ಕಿಡಿ ಹೊತ್ತಿಸುವ ಪ್ರೈಮರೂ ಇಲ್ಲದ ಡಮ್ಮಿಗಳಿಂದ.

ರೇಂಜಿನಲ್ಲಿ ಮೊದಲ ತೋಟಾಗಳನ್ನು ಒಂದೊಂದಾಗಿ ಹಾಕಿ ಹೊಡೆದೆ, ಪ್ರತಿ ಕೇಸನ್ನೂ ಎತ್ತಿ ನೋಡಿದೆ. ತಳದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರದ ಗೆರೆ ಕಂಡರೆ ಕೇಸ್ ಹಿಗ್ಗುತ್ತಿದೆ ಎಂದರ್ಥ, ಕಾಣಲಿಲ್ಲ. ಪ್ರೈಮರ್ ಹಿಂದಕ್ಕೆ ಉಬ್ಬಿರಲಿಲ್ಲ, ಅಂಚು ಚಪ್ಪಟೆಯಾಗಿರಲಿಲ್ಲ. ತುದಿ ಬಗ್ಗಿಸಿದ ತಂತಿಯನ್ನು ಕೇಸಿನೊಳಗೆ ಇಳಿಸಿ ಗೋಡೆ ಸವರಿದೆ, ಎಲ್ಲೂ ತಗ್ಗು ಸಿಗಲಿಲ್ಲ. 25 ಮೀಟರ್‌ನಲ್ಲಿ ಗುಂಡು ಕಾಗದಕ್ಕೆ ಬೀಳುವಂತೆ ದುರ್ಬೀನು ಹೊಂದಿಸಿ, 100 ಮೀಟರ್‌ನಲ್ಲಿ ಅದನ್ನು ಸೊನ್ನೆಗೆ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ, ಕೂರಿಸಿದೆ. ಹಳೆಯ ನಳಿಗೆ ಚದುರಿಸುತ್ತಿದ್ದ ಜಾಗದಲ್ಲಿ ಗುಂಡುಗಳು ಒಂದರ ಮಗ್ಗುಲಿಗೆ ಒಂದು ಬಿದ್ದಾಗ ಆದ ಸಂತೋಷ ದೊಡ್ಡದು.

ನಳಿಗೆಯ ಮೇಲೆ ‘6.5 ಕ್ರೀಡ್‌ಮೂರ್’ ಎಂದು ಕೆತ್ತಿಸಿರುವುದನ್ನು ನಾನು ಕೆಲಸದ ಭಾಗವೆಂದೇ ಎಣಿಸುತ್ತೇನೆ. ನಾಳೆ ಈ ರೈಫಲ್ ಯಾರ ಕೈಗೆ ಹೋದರೂ ಹಳೆಯ ಆಕ್ಷನ್ ನೋಡಿ .308 ಎಂದುಕೊಳ್ಳಬಾರದು. ಮನೆಯಲ್ಲಿ ಉಳಿದಿದ್ದ .308 ತೋಟಾಗಳನ್ನು ಬೇರೆ ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದೇನೆ. ರೇಂಜಿಗೆ ಹೊರಟಾಗ ಆ ಪೆಟ್ಟಿಗೆ ಈ ರೈಫಲ್ ಜೊತೆ ಬರುವುದಿಲ್ಲ.