ಭಾನುವಾರದ ಅರ್ಧ ಗಂಟೆ ರೇಡಿಯೋ ಮಾಡುವುದು ಹೇಗೆ?

ಊರಿನ ಸಮುದಾಯ ರೇಡಿಯೋದವರು ‘ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಏನಾದ್ರೂ ತಮಾಷೆಯಾಗಿ ಮಾಡಿ’ ಅಂದರೆ ಎಲ್ಲರೂ ಮೊದಲು ಹುಡುಕುವುದು ಜೋಕುಗಳನ್ನು. ಅದು ಬೇಡ. ನೋಡಿಕೊಂಡು ಓದಿದ ಜೋಕು ಮೈಕಿನಲ್ಲಿ ಸಪ್ಪೆ. ಬೇಕಿರುವುದು ಮಾತುಗಾರ ಜನ.

1. ಲೆಕ್ಕ ಹಾಕಿ. ಮೂರು ಹಾಡಿಗೆ 9 ನಿಮಿಷ, ಅತಿಥಿಗೆ 7, ಬೀದಿಯಲ್ಲಿ ಸಿಕ್ಕವರನ್ನು ಮಾತಾಡಿಸುವ ಬೀದಿ ಮಾತಿಗೆ 4, ಊರಿನ ಮಾಹಿತಿಗೆ 2, ಒಗಟಿಗೆ 2. ಉಳಿದ 6 ನಿಮಿಷದಲ್ಲಿ ಸಿಗ್ನೇಚರ್ ಟ್ಯೂನ್ (ಕಾರ್ಯಕ್ರಮದ ಗುರುತಿನ ಸಂಗೀತ) ಮತ್ತು ನಿಮ್ಮ ಮಾತು. ಯಾವ ಹಾಡುಗಳನ್ನು ಹಾಕಬಹುದು ಎಂದು ಕೇಂದ್ರದವರನ್ನೇ ಕೇಳಿ, ಹಕ್ಕಿನ ತಕರಾರು ಬೇಡ.

2. ಊರಿನ ಮಾಹಿತಿ. ಸಮುದಾಯ ರೇಡಿಯೋ ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ. ಜಾತ್ರೆ, ಪರೀಕ್ಷೆ, ಮಳೆ, ನೀರು ಬಿಡುವ ಹೊತ್ತು, ಕರೆಂಟು ಹೋಗುವ ಹೊತ್ತು ಹೇಳಬಹುದು. ಇಂಥ ಕೇಂದ್ರದ ಸಿಗ್ನಲ್ ಹೆಚ್ಚೆಂದರೆ ಹತ್ತು ಹದಿನೈದು ಕಿಲೋಮೀಟರ್ ಹೋಗುತ್ತದೆ. ಕೇಳುವವರೆಲ್ಲ ಅಕ್ಕಪಕ್ಕದವರೇ, ಅವರಿಗೆ ಬೇಕಿರುವುದೂ ಇದೇ.

3. ಬೀದಿ ಮಾತು. ಕಾರ್ಯಕ್ರಮ ಗೆಲ್ಲುವುದೋ ಸೋಲುವುದೋ ಇಲ್ಲಿ. ‘ಸಂತೆ ಹೇಗಿದೆ?’ ಅಂದರೆ ‘ಚೆನ್ನಾಗಿದೆ ಸಾರ್’ ಅಂತ ಮುಗಿಸುತ್ತಾರೆ. ‘ಚಿತ್ರಾನ್ನಕ್ಕೆ ಈರುಳ್ಳಿ ಹಾಕಬೇಕಾ, ಬೇಡವಾ?’ ಅಂತ ಕೇಳಿ ನೋಡಿ. ಪಕ್ಕದ ಅಂಗಡಿಯವರೂ ಬಂದು ಜಗಳಕ್ಕೆ ನಿಲ್ಲುತ್ತಾರೆ. (ಹಾಕಲೇಬೇಕು ಅನ್ನುವುದು ನನ್ನ ಮತ. ನಿರೂಪಕರು ಮಾತ್ರ ಪಕ್ಷ ಹಿಡಿಯಬಾರದು.) ಪ್ರಸಾರ ಮಾಡುತ್ತೇವೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಮೊಬೈಲ್ ಸಾಕು: ಏರೋಪ್ಲೇನ್ ಮೋಡ್‌ಗೆ ಹಾಕಿ, ಬಾಯಿಂದ ಒಂದು ಗೇಣು ದೂರ ಹಿಡಿಯಿರಿ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಹೊರಡುವ ಮೊದಲು ಸುಮ್ನೆ ಅರ್ಧ ನಿಮಿಷ ಸಂತೆಯ ಗದ್ದಲವನ್ನಷ್ಟೇ ರೆಕಾರ್ಡ್ ಮಾಡಿಕೊಳ್ಳಿ. ಎಡಿಟ್ ಮಾಡುವಾಗ ತುಂಡುಗಳ ನಡುವೆ ಅದನ್ನು ಹಾಸಿದರೆ ಕತ್ತರಿಸಿದ್ದು ಗೊತ್ತಾಗುವುದಿಲ್ಲ.

4. ಅತಿಥಿ. ಮುಖ್ಯ ಅತಿಥಿಗಳಾಗಿ ಅಭ್ಯಾಸವಾದವರನ್ನು ಕರೆದರೆ ಭಾಷಣ ಬರುತ್ತದೆ. ಮದುವೆ ಅಡುಗೆಯವರನ್ನು ಕರೆಯಿರಿ, ಟೆಂಟ್ ಸಿನಿಮಾದಲ್ಲಿ ರೀಲು ಓಡಿಸಿದವರನ್ನು ಕರೆಯಿರಿ. ‘ನಿಮ್ಮ ಅನುಭವ ಹೇಳಿ’ ಎನ್ನುವ ಬದಲು ‘ಎರಡನೇ ಪಂಕ್ತಿಗೇ ಸಾರು ಖಾಲಿ ಆದ್ರೆ ಏನ್ ಮಾಡ್ತೀರಿ ಭಟ್ರೇ?’ ಅನ್ನಿ. ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿ, ಏಳು ನಿಮಿಷ ಉಳಿಸಿಕೊಳ್ಳಿ. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲೇ ಈ ಕೆಲಸ ಆಗುತ್ತದೆ. ನಗುವನ್ನು ಮಾತ್ರ ಕತ್ತರಿಸಬೇಡಿ.

5. ನಡುವಿನ ಮಾತು. ‘ಕೇಳುಗ ಬಾಂಧವರೇ, ಇದೀಗ ಮುಂದಿನ ಭಾಗ’ ಎಂದರೆ ಸಮಾರಂಭವೇ ಆಗಿಬಿಡುತ್ತದೆ. ಎದುರಿಗೆ ಒಬ್ಬರು ಕೂತಿದ್ದಾರೆ ಅಂದುಕೊಂಡು ಮಾತಾಡಿ. ಫ್ಯಾನ್ ಆಫ್ ಮಾಡಿ. ಮೈಕನ್ನು ಬಾಯಿಗೆ ನೇರವಾಗಿ ಇಡದೆ ಸ್ವಲ್ಪ ಓರೆಯಾಗಿಡಿ, ಇಲ್ಲದಿದ್ದರೆ ಪ, ಫ, ಭ ಬಂದಾಗಲೆಲ್ಲ ‘ಡಬ್’ ಎನ್ನುತ್ತದೆ.

6. ಒಗಟು. ಉತ್ತರವನ್ನು ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶವಾಗಿ ಕಳಿಸಲು ಹೇಳಿ. ಮುಂದಿನ ವಾರದ ಎರಡು ನಿಮಿಷಕ್ಕೆ ಸಾಮಗ್ರಿ ಸಿಕ್ಕಿತು, ಅಲ್ವಾ? ತಪ್ಪು ಉತ್ತರಗಳನ್ನೂ ಹಾಕಿ, ಮಜಾ ಅಲ್ಲೇ ಜಾಸ್ತಿ.

7. ಕೊನೆಯ ಪರೀಕ್ಷೆ. ಹೆಡ್‌ಫೋನ್ ತೆಗೆಯಿರಿ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿರುವಾಗ ಸಣ್ಣ ಸ್ಪೀಕರ್‌ನಲ್ಲಿ ಇಡೀ ಅರ್ಧ ಗಂಟೆ ಕೇಳಿ. ಎಲ್ಲಿ ಮಾತು ಹಾಡಿನಡಿ ಮುಳುಗಿತೋ ಅಲ್ಲಿ ಹಾಡಿನ ಸದ್ದು ತಗ್ಗಿಸಿ, ಮತ್ತೆ ಸೇವ್ ಮಾಡಿ, ಶನಿವಾರ ಸಂಜೆಯೊಳಗೆ ಕೇಂದ್ರಕ್ಕೆ ತಲುಪಿಸಿ.