ಗುಡ್ಡದಲ್ಲಿ ಎಲ್ಲಿ ಕೈ ಬಿಡಬೇಕು, ಎಲ್ಲಿ ಬಿಡಬಾರದು

ಮನುಷ್ಯನೇ ಇಲ್ಲದಿದ್ದರೆ ಭೂಮಿ ಚೆನ್ನಾಗಿರುತ್ತಿತ್ತು ಎಂಬ ಮಾತು ಕಾಸರಗೋಡಿನಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಎಣ್ಮಕಜೆಯ ಪಡ್ರೆಯಲ್ಲಿ ಗೇರುತೋಪಿನ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡವರಿಗೆ ಹಾಗೆ ಅನ್ನಿಸಲೇಬೇಕು. ಆದರೆ ಅದೇ ಸೀಮೆಯಲ್ಲಿ ನೀರಿಗಾಗಿ ಗುಡ್ಡದ ಒಳಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳು ಮನುಷ್ಯ ತಿರುಗಿ ನೋಡದಿದ್ದರೆ ಹೂಳು ತುಂಬಿ ಬತ್ತುತ್ತವೆ. ಇಡೀ ಲೋಕದ ಲೆಕ್ಕ ಬಿಡಿ. ನಿಮ್ಮ ಗುಡ್ಡವನ್ನು ನೆತ್ತಿಯಿಂದ ಬುಡದ ತೋಡಿನವರೆಗೆ, ಅಂದರೆ ಸಣ್ಣ ಹಳ್ಳದವರೆಗೆ, ಇಳಿಯುತ್ತ ಕೈ ಹಾಕಬೇಕೋ ಸುಮ್ಮನೆ ಬಿಡಬೇಕೋ ಎಂದು ಒಂದೊಂದು ಜಾಗಕ್ಕೂ ಬೇರೆಬೇರೆಯಾಗಿ ತೀರ್ಮಾನಿಸಿ.

ನೆತ್ತಿಯ ಪದವು, ಅಂದರೆ ಮುರಕಲ್ಲಿನ (ಕೆಂಪುಕಲ್ಲಿನ) ಬಯಲು, ಬೋಳಾಗಿ ಕಂಡರೂ ಪಾಳು ಜಾಗವಲ್ಲ. ಮಳೆಗಾಲದಲ್ಲಿ ಅಲ್ಲಿ ಕೀಟ ಹಿಡಿಯುವ ಪುಟ್ಟ ಗಿಡಗಳು ನೀಲಿ ಹೂ ಬಿಡುತ್ತವೆ, ತಗ್ಗುಗಳಲ್ಲಿ ಕಪ್ಪೆಗಳು ಮೊಟ್ಟೆಯಿಡುತ್ತವೆ. ಮಣ್ಣು ತಂದು ಸುರಿದು ಸಸಿ ನೆಡಬೇಡಿ. ನಾಗಬನವೂ ಹಾಗೆಯೇ: ತರಗೆಲೆ ಗುಡಿಸಬೇಡಿ, ಬಿದ್ದ ಮರ ಎತ್ತಬೇಡಿ, ಸುತ್ತ ಕಾಂಕ್ರೀಟು ಹಾಕಬೇಡಿ.

ಅಕೇಶಿಯಾ ತುಂಬಿದ ಇಳಿಜಾರನ್ನು ಮಾತ್ರ ಹಾಗೇ ಬಿಟ್ಟು ಹೋದರೆ ಅದು ಕಾಡಾಗುವುದಿಲ್ಲ, ಅಕೇಶಿಯಾವೇ ಹಬ್ಬುತ್ತದೆ. ಒಂದೇ ಸಲ ಬೋಳಿಸಿದರೆ ಮೊದಲ ಮಳೆಗೇ ಮೇಲ್ಮಣ್ಣು ತೊಳೆದು ಹೋಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಪಟ್ಟಿ ಪಟ್ಟಿಯಾಗಿ ಕಡಿಯಿರಿ, ಕೊಂಬೆಗಳನ್ನು ಅಲ್ಲೇ ಅಡ್ಡ ಹಾಸಿ. ನೆಲದಲ್ಲಿ ಉಳಿದ ಬೀಜ ಜೂನ್ ಹೊತ್ತಿಗೆ ಮೊಳೆಯುತ್ತದೆ. ಮಣ್ಣು ಹಸಿಯಿರುವಾಗ ಸಸಿಗಳನ್ನು ಬೇರುಸಹಿತ ಕೀಳಬೇಕು, ಕನಿಷ್ಠ ಮೂರು ಮಳೆಗಾಲ. ಪಕ್ಕದಲ್ಲಿ ರಬ್ಬರ್ ತೋಟವಿದ್ದರೆ ಅಲ್ಲಿ ನೆಲ ಮುಚ್ಚಲು ಬೆಳೆಸುವ ಮುಕುನಾ ಬಳ್ಳಿ ಹತ್ತಿ ಎಳೆಯ ಮರಗಳನ್ನು ಮುಚ್ಚುತ್ತದೆ, ಅದನ್ನೂ ಬುಡದಲ್ಲೇ ಕತ್ತರಿಸಿ. ಜನವರಿಯೊಳಗೆ ಅಂಚಿನಲ್ಲಿ ಮೂರು ಮೀಟರ್ ಅಗಲ ಹುಲ್ಲು ಸವರಿ ಬೆಂಕಿ ತಡೆ ಮಾಡಿ. ಆಮೇಲೆ ಕುಂಟಾಲ, ಕೇಪುಳ, ನೇರಳೆಗಳನ್ನು ಹಕ್ಕಿಗಳೇ ತರುತ್ತವೆ. ಆಗ ದೂರ ನಿಲ್ಲಿ.

ಸುರಂಗಕ್ಕೆ ಪ್ರತಿವರ್ಷ ಕೈ ಬೇಕು. ನೀರು ಕಡಿಮೆಯಿರುವ ಏಪ್ರಿಲ್-ಮೇ ಇದಕ್ಕೆ ಸರಿಯಾದ ಕಾಲ; ಮಳೆಗಾಲದಲ್ಲಿ ಒಳಹೋಗುವ ಮಾತೇ ಬೇಡ. ಮೊದಲು ಮೇಲಿನ ಗಾಳಿಕಂಡಿಯಲ್ಲಿ ತುಂಬಿದ ತರಗೆಲೆ ತೆಗೆಯಿರಿ. ಒಬ್ಬರು ಹೊರಗೆ ಬಾಯಲ್ಲಿ ನಿಲ್ಲಲೇಬೇಕು. ಒಳಗೆ ಹೋಗುವವರು ಉರಿಯುವ ಮೊಂಬತ್ತಿಯನ್ನು ಸೊಂಟಕ್ಕಿಂತ ಕೆಳಗೆ ಹಿಡಿಯಲಿ, ಕೆಟ್ಟ ಗಾಳಿ ನೆಲದ ಹತ್ತಿರವೇ ನಿಲ್ಲುತ್ತದೆ. ಜ್ವಾಲೆ ಕುಗ್ಗಿದರೆ ತಕ್ಷಣ ಹೊರಬನ್ನಿ. ಟಾರ್ಚು ಈ ಎಚ್ಚರಿಕೆ ಕೊಡುವುದಿಲ್ಲ.

ಹೂಳನ್ನು ಬಾಯಿಯಿಂದ ಒಳಕ್ಕೆ ತೆಗೆಯುತ್ತ ಹೋಗಿ. ಒಳಗಿನಿಂದ ಶುರು ಮಾಡಿದರೆ ಕದಡಿದ ನೀರು ಹಿಂದೆ ಕಟ್ಟಿ ಗೋಡೆಯ ಬುಡ ನೆನೆಯುತ್ತದೆ, ಮಾಡು (ಸುರಂಗದ ಮೇಲ್ಛಾವಣಿ) ಕುಸಿಯುವುದು ಅಲ್ಲಿಂದಲೇ. ನೆಲ ಬಾಯಿಯ ಕಡೆಗೆ ತುಸು ಇಳಿಜಾರಾಗಿರಲಿ, ನೀರು ಹೆಚ್ಚಲೆಂದು ಒಳಗೆ ಗುಂಡಿ ತೋಡಬೇಡಿ. ಎರಡು-ಎರಡೂವರೆ ಅಡಿ ಅಗಲ ಸಾಕು. ಅಗಲಿಸಿದಷ್ಟೂ ಮಾಡು ದುರ್ಬಲ. ಇಳಿಬಿದ್ದ ಬೇರನ್ನು ಎಳೆದರೆ ಮಣ್ಣೂ ಜೊತೆಗೆ ಬರುತ್ತದೆ, ಗರಗಸದಿಂದ ಕತ್ತರಿಸಿ. ಗಟ್ಟಿ ಮುರ ತಾನಾಗಿ ನಿಲ್ಲುತ್ತದೆ, ಮೆದು ಶೇಡಿಮಣ್ಣು ಕಂಡಲ್ಲಿ ಮಾತ್ರ ಎರಡೂ ಬದಿ ಕಲ್ಲು ಕಟ್ಟಿಸಿ. ಸುರಂಗದ ನೆತ್ತಿಗೆ ಸರಿಯಾಗಿ ಇಂಗುಗುಂಡಿ ತೋಡುವುದು, ಜೆಸಿಬಿಯಲ್ಲಿ ನೆಲ ಕಡಿದು ತಟ್ಟು (ಮೆಟ್ಟಿಲಿನಂಥ ಸಮತಲ) ಮಾಡುವುದು ಎರಡೂ ಅಪಾಯ. ಪೂರ್ತಿ ಬತ್ತಿ ಬಾವಲಿಗಳು ಸೇರಿದ ಸುರಂಗವನ್ನು ಅವುಗಳಿಗೇ ಬಿಡಿ.

ತೋಡಿನ ನೀರು ತಡೆಯುವ ಕಟ್ಟವನ್ನು ನೀರು ತೆಳುವಾಗಿ ಹರಿಯುವಾಗಲೇ, ಡಿಸೆಂಬರಿನ ಹೊತ್ತಿಗೆ ಕಲ್ಲು ಮಣ್ಣಿನಿಂದ ಕಟ್ಟಿ. ಮಣ್ಣಿನದಾದರೆ ಮಳೆಯೇ ಒಯ್ಯುತ್ತದೆ. ಹಲಗೆ ಅಥವಾ ಪ್ಲಾಸ್ಟಿಕ್ ಹಾಳೆ ಬಳಸಿದ್ದರೆ ಮೇ ಮುಗಿಯುವ ಮೊದಲೇ ಬಿಚ್ಚಿ ತನ್ನಿ. ಇಲ್ಲದಿದ್ದರೆ ತೋಡು ಬದಿ ಕೊರೆದು ಅಡಕೆ ತೋಟಕ್ಕೆ ನುಗ್ಗುತ್ತದೆ, ಹರಿದ ಹಾಳೆ ಹೊಳೆ ಸೇರುತ್ತದೆ.