ಟ್ಯೂಬೇ ಇಲ್ಲ, ನೋವೆಲ್ಲಿಂದ ಅಂದಿದ್ದರು

ಎಕ್ಟೋಪಿಕ್, ಅಂದರೆ ಗರ್ಭಕೋಶದ ಬದಲು ಅದರ ಪಕ್ಕದ ಅಂಡನಾಳದಲ್ಲಿ (ಟ್ಯೂಬಿನಲ್ಲಿ) ಗರ್ಭ ನಿಂತಿದ್ದಕ್ಕೆ ಆಪರೇಷನ್ ಆಗಿ ಎಂಟು ತಿಂಗಳಿಗೆ ನನ್ನ ಬಲಗಡೆ ಕಿಬ್ಬೊಟ್ಟೆ ನೋವು ಹೋಯಿತು. ಮತ್ತೆ ಬರುತ್ತೇನೋ ಅಂತ ಇನ್ನೆರಡು ತಿಂಗಳು ಕಾದೆ. ಬರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಬೀಟಾ ಎಚ್‌ಸಿಜಿ (ರಕ್ತದಲ್ಲಿ ಗರ್ಭದ ಹಾರ್ಮೋನ್ ಎಷ್ಟಿದೆ ಅಂತ ನೋಡುವ ಪರೀಕ್ಷೆ), ಸ್ಕ್ಯಾನ್ ಎಲ್ಲ ಇದನ್ನು ಅನುಭವಿಸಿದವರಿಗೆ ಗೊತ್ತಿರುತ್ತದೆ, ಅದನ್ನು ಬಿಡೋಣ.

ನನಗೆ ಮೊದಲು ಆ ಗರ್ಭ ಬೆಳೆಯದಂತೆ ತಡೆಯುವ ಮೆಥೋಟ್ರೆಕ್ಸೇಟ್ ಇಂಜೆಕ್ಷನ್ ಕೊಟ್ಟಿದ್ದರು. ನಾಲ್ಕನೇ ದಿನದಿಂದ ಏಳನೇ ದಿನಕ್ಕೆ ಬೀಟಾ 15 ಪರ್ಸೆಂಟಾದರೂ ಇಳಿಯಬೇಕಿತ್ತು. ಇಳಿಯಲಿಲ್ಲ. ಅದಾಗಿ ಒಂದೆರಡು ದಿನಕ್ಕೆ ರಾತ್ರಿ ತಲೆ ಸುತ್ತಿ ಬಚ್ಚಲ ಬಾಗಿಲಲ್ಲೇ ಬಿದ್ದೆ. ಇಲ್ಲೇ ದಾವಣಗೆರೆಯಲ್ಲಿ ಲ್ಯಾಪ್ರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಮಾಡುವ ಆಪರೇಷನ್) ಮಾಡಿ ಬಲಗಡೆ ಟ್ಯೂಬ್ ತೆಗೆದರು. ಎರಡು ಬಾಟಲಿ ರಕ್ತ ಏರಿಸಿದರು. ಎಲ್ಲ ಸೇರಿ 80 ಸಾವಿರದ ಹತ್ತಿರ. ನನ್ನ ಓಲೆ ಅಡ ಇಟ್ಟೆವು.

ಆಮೇಲೆ ಬಂದ ಭುಜದ ನೋವು ಆಪರೇಷನ್ನಿಗೆ ಅಂತ ಹೊಟ್ಟೆಗೆ ತುಂಬಿದ್ದ ಗ್ಯಾಸಿನದು, ನಾಲ್ಕೈದು ದಿನದಲ್ಲಿ ಹೋಯಿತು. ಉಳಿದುಕೊಂಡಿದ್ದು ಕಿಬ್ಬೊಟ್ಟೆಯ ನೋವು. ನಾನು ಬ್ಲೌಸ್ ಹೊಲಿಯುವವಳು. ಮಷಿನ್ ತುಳಿಯಲು ಕೂತರೆ ಒಳಗೆ ಯಾರೋ ಕೊಕ್ಕೆ ಹಾಕಿ ಎಳೆದ ಹಾಗೆ ಆಗುತ್ತಿತ್ತು. ಎರಡು ಕಡೆ ತೋರಿಸಿದೆ, ಎರಡು ಸಲ ಸ್ಕ್ಯಾನ್ ಆಯಿತು, ಏನೂ ಇಲ್ಲ. "ಟ್ಯೂಬೇ ಇಲ್ಲವಲ್ಲಮ್ಮ, ನೋವೆಲ್ಲಿಂದ?" ಅಂದುಬಿಟ್ಟರು ಒಬ್ಬರು. ಮನೆಯಲ್ಲೂ ಅದೇ ಮಾತು. ಕ್ಯಾಪ್ಸೂಲು, ಶಕ್ತಿ ಡ್ರಿಪ್ಪು, ಪಕ್ಕದೂರಿನ ಬೇರಿನ ಪುಡಿ ಅಂತ ಇಪ್ಪತ್ತು ಸಾವಿರ ಹೋಯಿತು. ಹೊಟ್ಟೆ ಜೋತು ಬೀಳುತ್ತದೆ ಅಂತ ಅತ್ತೆ ಬಾಣಂತಿಗೆ ಕಟ್ಟುವ ಹಾಗೆ ಸೀರೆ ಬಿಗಿದು ಕಟ್ಟುತ್ತಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಬಿಚ್ಚಿದ ತಕ್ಷಣ ನೋವು ದುಪ್ಪಟ್ಟು.

ದಾರಿ ಸಿಕ್ಕಿದ್ದು ಅಳತೆ ಪುಸ್ತಕದಿಂದ. ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ದಿನಾ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ ಹಾಕುತ್ತಾ ಹೋದೆ, ಏನು ಕೆಲಸ ಮಾಡಿದೆ, ಮುಟ್ಟಾಗಿ ಎಷ್ಟನೇ ದಿನ ಅಂತಲೂ ಬರೆದೆ. ಮೂರು ತಿಂಗಳಿಗೆ ಗೊತ್ತಾಯಿತು, ಇರುವುದು ಒಂದು ನೋವಲ್ಲ, ಎರಡು. ಮೊದಲನೆಯದು ಎರಡು ಮುಟ್ಟಿನ ನಡುವೆ ಎರಡು ದಿನ ಬಂದು ತಾನೇ ಹೋಗುವುದು. ಟ್ಯೂಬ್ ಹೋದರೂ ಅಂಡಾಶಯ ಇದೆಯಲ್ವಾ, ಅದು ಮೊಟ್ಟೆ ಬಿಡುವ ನೋವು. ಇನ್ನೊಂದು ಬಗ್ಗಿ ಕೂತ ದಿನ ಮಾತ್ರ ಬರುವುದು.

ಪುಸ್ತಕ ಹಿಡಿದು ಫಿಸಿಯೋಥೆರಪಿಯವರ ಹತ್ತಿರ ಹೋದೆ. ಒಂದು ಸಲಕ್ಕೆ 400 ರೂಪಾಯಿ, ಆರು ಸಲ. ಅವರು ಮೊದಲು ನೋಡಿದ್ದೇ ನನ್ನ ಉಸಿರು. ಹೊಟ್ಟೆಗೆ ಏನಾಗುತ್ತೋ ಅಂತ ಹೆದರಿ ತಿಂಗಳುಗಟ್ಟಲೆ ಹೊಟ್ಟೆ ಬಿಗಿ ಹಿಡಿದು ಎದೆಯಲ್ಲೇ ಉಸಿರಾಡುತ್ತಿದ್ದೆ. ಮಂಡಿ ಮಡಚಿ ಮಲಗಿ, ಹೊಟ್ಟೆ ಮೇಲೆ ಕೈಯಿಟ್ಟು, ಕೈ ಮೇಲೇಳುವ ಹಾಗೆ ಉಸಿರು ಒಳಗೆ ಎಳೆದುಕೊಳ್ಳುವುದನ್ನು ಹೇಳಿಕೊಟ್ಟರು. ಮೊದಲ ದಿನ ಹತ್ತು ಉಸಿರಿಗೇ ಅತ್ತುಬಿಟ್ಟೆ. ಹೋದ ಮಗುವಿಗೆ ಅಂತ ನಾನು ಅತ್ತಿದ್ದು ಅವತ್ತೇ ಮೊದಲು.

ಆಮೇಲೆ ಗಾಯದ ಗುರುತುಗಳು. ಮೇಲಿನ ಬಟ್ಟೆಗೆ ಲೈನಿಂಗ್ ಸೇರಿ ಹೊಲಿದುಹೋದರೆ ಜಗ್ಗುತ್ತದಲ್ಲ, ನನ್ನ ಬಲಗಡೆ ಗುರುತು ಹಾಗೇ ಜಗ್ಗುತ್ತಿತ್ತು. ಡಾಕ್ಟರ್ ಸರಿ ಅಂದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ದಿನಾ ಐದು ನಿಮಿಷ ಮೆಲ್ಲಗೆ ಸುತ್ತ ತೀಡಿದೆ. ಹಸಿ ಗಾಯಕ್ಕೆ ಮಾತ್ರ ಕೈ ಹಾಕಬೇಡಿ. ಮಲಗುವ ಒಂದು ಭಂಗಿಯೂ ಇದೆ, ಬರೆದರೆ ತಪ್ಪಾಗಿ ಮಾಡುತ್ತೀರಿ, ಎದುರಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ. ಸಾಯಂಕಾಲ ಕುಂದವಾಡ ಕೆರೆ ಏರಿ ಮೇಲೆ ನಡಿಗೆ, ಮೊದಲು ಹತ್ತು ನಿಮಿಷ, ಆಮೇಲೆ ಮುಕ್ಕಾಲು ಗಂಟೆ. ಮಷಿನ್ನಿಗೆ ಎರಡು ಸಾವಿರದ ಮೋಟಾರ್ ಹಾಕಿಸಿದೆ. ಮೊದಲೇ ಹಾಕಿಸಬೇಕಿತ್ತು.

ನಡುವೆ ನೋವಿಗೆ ಶಾಖ ಕೊಡಲು ಕಾವಿನ ಚೀಲಗಳನ್ನೂ ಹೊಲಿದು, ಒಳಗೆ ಬೇರೆ ಬೇರೆ ತುಂಬಿ ನೋಡಿದೆ. ಉಪ್ಪು ಬೇಗ ಕಾಯುತ್ತದೆ, ಆದರೆ ಬೆವರು ಹೀರಿ ಬಟ್ಟೆ ಒದ್ದೆಯಾಗುತ್ತದೆ. ಅಕ್ಕಿ ಪರವಾಗಿಲ್ಲ. ಹುರುಳಿ ಎಲ್ಲಕ್ಕಿಂತ ಚೆನ್ನಾಗಿ ಮೈಗೆ ಒಗ್ಗುತ್ತದೆ, ಇಪ್ಪತ್ತು ನಿಮಿಷ ಬಿಸಿ ಇರುತ್ತದೆ. ಹುರುಳಿ ಜೊತೆ ಇನ್ನೊಂದು ಸೇರಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಬೀದಿಯಲ್ಲಿ ಏಳೆಂಟು ಜನ ಹೊಲಿಸಿಕೊಂಡು ಹೋಗಿದ್ದಾರೆ, ಅತ್ತೆಗೂ ಒಂದಿದೆ.

ಇದೆಲ್ಲ ಸ್ಕ್ಯಾನ್ ಸರಿ ಇದ್ದು ಬೀಟಾ ಪೂರ್ತಿ ಇಳಿದವರಿಗೆ. ನೋವು ಒಮ್ಮೆಲೇ ಜಾಸ್ತಿಯಾದರೆ, ಜ್ವರ ಬಂದರೆ, ತಲೆ ಸುತ್ತಿದರೆ ಚೀಲ ಕಾಯಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಮೆಥೋಟ್ರೆಕ್ಸೇಟ್ ಇಂಜೆಕ್ಷನ್ ತಗೊಂಡವರು ಡಾಕ್ಟರನ್ನು ಕೇಳದೆ ನೋವಿನ ಮಾತ್ರೆಯಾಗಲಿ ಫೋಲಿಕ್ ಆಸಿಡ್ ಆಗಲಿ ನುಂಗಬೇಡಿ.

ಹೋದ ತಿಂಗಳು ಚಿತ್ರದುರ್ಗದ ಕೋಟೆ ಹತ್ತಿದೆ. ಓಬವ್ವನ ಕಿಂಡಿಯ ಹತ್ತಿರ ಬಗ್ಗಿ ಎದ್ದೆ, ಏನೂ ಎಳೆಯಲಿಲ್ಲ. ಈಗ ದಿನಕ್ಕೆ ನಾಲ್ಕು ಬ್ಲೌಸ್ ಹೊಲಿಯುತ್ತೇನೆ. ಓಲೆ ಇನ್ನೂ ಬ್ಯಾಂಕಿನಲ್ಲಿವೆ, ಈ ಮದುವೆ ಸೀಸನ್ ಮುಗಿದರೆ ಬಿಡಿಸಿಕೊಳ್ಳುತ್ತೇನೆ.